ಪಾಸ್‌ವರ್ಡ್ ತರಲು ಅತ್ತಿಗೆಯ ಮನೆಗೆ ಹೋದದ್ದು

ನನ್ನ ಫೋನು ಚಾರ್ಜ್ ಆಗುತ್ತಿರಲಿಲ್ಲ. ಗುಬ್ಬಿಯಲ್ಲಿ ನಮ್ಮ ಆಫೀಸಿನ ಎದುರಿಗಿರುವ ರಿಪೇರಿ ಅಂಗಡಿಗೆ ಬೆಳಿಗ್ಗೆ ಕೊಟ್ಟು, ಸಂಜೆ ತುಮಕೂರಿನ ಟ್ರೈನಿಗೆ ಹೊರಡುವಾಗ ಇಸಿದುಕೊಂಡೆ. ಚಾರ್ಜೇನೋ ಆಗುತ್ತಿತ್ತು. ಒಳಗಿದ್ದದ್ದೆಲ್ಲ ಅಳಿಸಿಹೋಗಿತ್ತು.

"ಸಾಫ್ಟ್‌ವೇರ್ ಹೊಡೀಬೇಕಾಯ್ತು ಮೇಡಂ. ನಂಬರೆಲ್ಲ ತಾನೇ ವಾಪಸ್ ಬರ್ತವೆ" ಅಂದ ಅಂಗಡಿಯವನು.

ನಂಬರುಗಳು ಬಂದವು. ಮನೆಗೆ ಬಂದು ನೋಡಿದರೆ ವೈಫೈ ಮಾತ್ರ ಪಾಸ್‌ವರ್ಡ್ ಕೇಳುತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವರು ನನ್ನ ಯಜಮಾನರು. ಅವರು ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದರು. ಆದರೆ ಹೇಳುವ ಹಾಗಿರಲಿಲ್ಲ.

ಆ ವರ್ಷ ಮಳೆಗಾಲ ಶುರುವಾಗುವ ಮೊದಲು ಅವರಿಗೆ ಸ್ಟ್ರೋಕ್ ಆಗಿತ್ತು. ಬಾಗಿಲ ಮೆಟ್ಟಿಲ ಮೇಲೆ ಬಿದ್ದರು. ಕೈಯಲ್ಲಿದ್ದ ಅವರ ಫೋನೂ ಬಿದ್ದು ಪೂರ್ತಿ ಸತ್ತುಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಕಾಲು ಸ್ವಲ್ಪ ಸ್ವಲ್ಪ ಸ್ವಾಧೀನಕ್ಕೆ ಬಂತು, ಬಲಗೈ ಬರಲಿಲ್ಲ. ಮಾತಂತೂ ಹೋಗಿಯೇಬಿಟ್ಟಿತು. ಉಳಿದದ್ದು ಒಂದೇ ಒಂದು ಪದ, 'ಅಲ್ವಾ'. ಹಸಿವಾದರೂ ಅಲ್ವಾ, ಫ್ಯಾನು ಬೇಡವೆಂದರೂ ಅಲ್ವಾ. ಸಿಟ್ಟು ಬಂದಾಗ ಅದನ್ನೇ ಮೂರು ನಾಲ್ಕು ಸಲ ಜೋರಾಗಿ ಹೇಳುತ್ತಿದ್ದರು. ಬೇರೇನೋ ಹೇಳಲು ಹೊರಟು ಇದು ಬಾಯಿಗೆ ಬರುತ್ತಿದೆ ಎಂಬುದು ಅವರಿಗೆ ಗೊತ್ತಾಗುತ್ತಿತ್ತು. ಮುಖ ನೋಡಿದರೆ ನನಗೂ ಗೊತ್ತಾಗುತ್ತಿತ್ತು.

ಅವರು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದವರು. ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಕೂಗುತ್ತಿದ್ದದ್ದು ಅವರೇ. ನಿವೃತ್ತರಾದ ಮೇಲೂ ಮನೆಯಲ್ಲಿ ಅದೇ ದನಿ. ಕಾಫಿ ಕೇಳಿದರೆ ಬೀದಿ ಕೊನೆಗೆ ಕೇಳಿಸುತ್ತಿತ್ತು. ನಮಗೆ ಮಕ್ಕಳಿಲ್ಲ. ಮನೆಯ ಸದ್ದೆಲ್ಲ ಅವರದೇ ಆಗಿತ್ತು.

ವೈಫೈ ಬೇಕಾಗಿದ್ದು ಅವರ ಮಾತಿಗಾಗಿಯೇ. ಬೆಂಗಳೂರಿನ ಸ್ಪೀಚ್ ಥೆರಪಿಸ್ಟ್ ಒಬ್ಬರು ವಿಡಿಯೊ ಕಾಲಿನಲ್ಲಿ ಅಭ್ಯಾಸ ಮಾಡಿಸಲು ಒಪ್ಪಿದ್ದರು. ಮೊದಲ ಪಾಠ ಬರುವ ಸೋಮವಾರ. ನಮ್ಮದು ಎರಡು ಎತ್ತರದ ಕಟ್ಟಡಗಳ ನಡುವಿನ ಮನೆ, ಫೋನಿನ ಸಿಗ್ನಲ್ಲು ಅಂಗಳ ದಾಟಿ ಒಳಗೆ ಬರುವುದಿಲ್ಲ. ಮಾತಾಡುತ್ತಿರುವವರ ಮುಖ ನಡುವೆಯೇ ಕಲ್ಲಾಗಿ ನಿಂತುಬಿಡುತ್ತದೆ.

ಗೋಡೆಗೆ ಹಾಕಿದ ವೈಫೈ ಡಬ್ಬಿಯನ್ನು ಇಳಿಸಿ ಹಿಂದೆ ಅಂಟಿಸಿದ್ದ ಚೀಟಿ ಓದಿದೆ. ಅದರಲ್ಲಿದ್ದ ಪಾಸ್‌ವರ್ಡ್ ಹಾಕಿದರೆ ತಪ್ಪು ಎಂದಿತು. ಇವರು ಬದಲಾಯಿಸಿಕೊಂಡಿದ್ದರು. ಅಂಗಳಕ್ಕೆ ಹೋಗಿ ಕೇಬಲ್ಲಿನವರಿಗೆ ಫೋನು ಮಾಡಿದೆ.

"ರೀಸೆಟ್ ಮಾಡ್ಬೋದು ಮೇಡಂ. ಆದ್ರೆ ನೀವೇ ಒತ್ಬೇಡಿ, ಲೈನೇ ಹೊರಟೋಗುತ್ತೆ. ನಮ್ಮೋರೇ ಬಂದು ಮತ್ತೆ ಎಲ್ಲ ಹಾಕ್ಕೊಡ್ಬೇಕು."

"ಯಾವಾಗ ಬರ್ತಾರೆ?"

"ಎಲ್ರೂ ಹಬ್ಬಕ್ಕೆ ಊರಿಗೋಗವ್ರೆ. ಮುಂದಿನ ವಾರ ನೋಡಣ."

ಆಮೇಲೆ ನಾನೇ ಊಹಿಸಿ ಹಾಕತೊಡಗಿದೆ. ಮೊದಲು ನನ್ನ ಹೆಸರು. ಆಮೇಲೆ ನಮ್ಮ ಮದುವೆಯ ತಾರೀಕು, ಅವರ ತಾಯಿಯ ಹೆಸರು, ಮನೆದೇವರ ಹೆಸರು, ಸ್ಕೂಟರಿನ ನಂಬರು. ಒಂದೂ ಆಗಲಿಲ್ಲ. ನನ್ನ ಹೆಸರನ್ನು ಸ್ಪೆಲ್ಲಿಂಗ್ ಬದಲಿಸಿ ಇನ್ನೊಮ್ಮೆ ಹಾಕಿದೆ. ಅದೂ ಆಗಲಿಲ್ಲ.

ಕೊನೆಗೆ ಅವರ ಪಕ್ಕ ಕೂತು ಫೋನು ತೋರಿಸಿದೆ. "ರೀ, ವೈಫೈ ಪಾಸ್‌ವರ್ಡ್ ಏನಿಟ್ಟಿದ್ರಿ?"

ಅವರಿಗೆ ಪ್ರಶ್ನೆ ಅರ್ಥವಾಯಿತು. ಕಣ್ಣು ಅರಳಿತು. ಬಾಯಿ ತೆರೆದು, ನಾಲಿಗೆಯನ್ನು ಎಲ್ಲಿಡಬೇಕೆಂದು ಹುಡುಕಿ, "ಅಲ್ವಾ" ಅಂದರು. ತಲೆ ಅಲ್ಲಾಡಿಸಿದರು. ಮತ್ತೆ "ಅಲ್ವಾ."

"ಒತ್ತಿ ತೋರ್ಸಿ" ಎಂದು ಎಡಗೈಗೆ ಫೋನು ಕೊಟ್ಟೆ. ಅಕ್ಷರಗಳ ಮೇಲೆ ಬೆರಳು ಸುಮಾರು ಹೊತ್ತು ತೇಲಾಡಿತು. ಒಂದು ಕಡೆ ಒತ್ತಿದರು, ಅಲ್ಲೇ ಒತ್ತುತ್ತಾ ಹೋದರು. ಒಂದೇ ಅಕ್ಷರ ಸಾಲಾಗಿ ಬಂತು. ಅದನ್ನು ಓದಿಕೊಂಡರು. ಫೋನನ್ನು ನನ್ನ ಮಡಿಲಿಗೆ ಮೆಲ್ಲಗೆ ಇಟ್ಟು ಗೋಡೆಯ ಕಡೆ ತಿರುಗಿದರು.

"ಇರ್ಲಿ ಬಿಡಿ" ಅಂದೆ. ಎದ್ದು ಹೋಗಿ ಅನ್ನಕ್ಕಿಟ್ಟೆ.

ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ಹೇಗೆ ಹೇಳಬೇಕೋ ತಿಳಿಯದು. ಕೆಲಸಗಳೆಲ್ಲ ಆಗುತ್ತಿದ್ದವು. ಮಾತ್ರೆ ಕೊಡುತ್ತಿದ್ದೆ, ಸ್ನಾನ ಮಾಡಿಸುತ್ತಿದ್ದೆ, ಹಗಲು ನೋಡಿಕೊಳ್ಳಲು ಬರುವ ಹೆಂಗಸಿಗೆ ಹೇಳುವುದನ್ನೆಲ್ಲ ಹೇಳಿ ಟ್ರೈನು ಹಿಡಿಯುತ್ತಿದ್ದೆ. ಗುಬ್ಬಿಯಲ್ಲಿ ಸಹೋದ್ಯೋಗಿಗಳು ವಿಚಾರಿಸಿದರೆ ಪಕ್ಕದ ಮನೆಯವರ ವಿಷಯದಂತೆ ಉತ್ತರ ಕೊಡುತ್ತಿದ್ದೆ. ಬಿಸಿ ಪಾತ್ರೆ ಮುಟ್ಟಿದರೂ ಸುಟ್ಟಿದ್ದು ಆಮೇಲೆ ತಿಳಿಯುತ್ತಿತ್ತು. ಆಸ್ಪತ್ರೆಯಲ್ಲೂ ಅಳು ಬಂದಿರಲಿಲ್ಲ, ಮನೆಗೆ ಬಂದ ಮೇಲೂ ಬರಲಿಲ್ಲ.

ಅದನ್ನು ಗಮನಿಸಿದವರು ನನ್ನ ಅತ್ತಿಗೆ, ಯಜಮಾನರ ಅಕ್ಕ. ಕುಣಿಗಲ್ ತಾಲ್ಲೂಕಿನಲ್ಲಿ ಹುತ್ರಿದುರ್ಗದ ಬೆಟ್ಟದ ಕೆಳಗೆ ಅವರ ಊರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಆಸ್ಪತ್ರೆಯಿಂದ ಬಂದ ಮೇಲೆ ನಮ್ಮಲ್ಲಿ ಕೆಲವು ದಿನ ಇದ್ದು, ಹೊರಡುವಾಗ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತು ಹೇಳಿದ್ದರು:

"ನನ್ ತಮ್ಮ ಹಿಂಗ್ ಬಿದ್ದವ್ನೆ, ನಿನ್ ಕಣ್ಣಾಗೆ ಒಂದ್ ತೊಟ್ ನೀರಿಲ್ವಲ್ಲವ್ವ. ಕಲ್ಲು ಕಣೇ ನೀನು."

ನಾನು ಅವರ ಬ್ಯಾಗು ಎತ್ತಿಕೊಂಡೆ. ಬಸ್ ಹತ್ತಿಸಿ ಬಂದೆ. ಅವತ್ತಿನಿಂದ ಅವರು ಫೋನು ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ.

ಮರುದಿನ ಶನಿವಾರ, ಪಾತ್ರೆ ತೊಳೆಯುತ್ತಾ ನೆನಪಾಯಿತು. ಅತ್ತಿಗೆ ನಮ್ಮಲ್ಲಿದ್ದಾಗ ಮಧ್ಯಾಹ್ನ ಫೋನಿನಲ್ಲಿ ಸೀರಿಯಲ್ ನೋಡುತ್ತಿದ್ದರು. ನಮ್ಮ ವೈಫೈ ಅವರ ಫೋನಿಗೆ ತಾನಾಗಿಯೇ ಸಿಗುತ್ತಿತ್ತು. ಹಿಂದಿನ ಯುಗಾದಿಗೆ ಬಂದಾಗ ಇವರೇ ಹಾಕಿಕೊಟ್ಟಿದ್ದರು. ಅಂದರೆ ಆ ಫೋನಿನೊಳಗೆ ಪಾಸ್‌ವರ್ಡ್ ಇದೆ. ಅದನ್ನು ತೆಗೆದು ನೋಡುವ ದಾರಿ ಇದೆಯೆಂದು ಆಫೀಸಿನಲ್ಲಿ ಒಬ್ಬರು ತೋರಿಸಿದ್ದರು.

ಅಂಗಳಕ್ಕೆ ಬಂದು ಫೋನು ಮಾಡಿದೆ. ಅತ್ತ ಕಡೆಯಿಂದ ಮೊದಲ ಮಾತು, "ಏನಾಯ್ತು ಅವ್ನಿಗೆ?"

"ಏನೂ ಆಗಿಲ್ಲ ಅತ್ತಿಗೆ, ಚೆನ್ನಾಗಿದಾರೆ." ವಿಷಯ ಹೇಳಿದೆ. ಸೆಟ್ಟಿಂಗ್ಸ್ ಒತ್ತಿ, ಅದರೊಳಗೆ ವೈಫೈ ಅಂತ ಇರುತ್ತೆ, ಅದರ ಕೆಳಗೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಫೋನು ಕಟ್ ಆಯಿತು. ಮತ್ತೆ ಮಾಡಿದೆ.

"ಒತ್ತಿದ್ರೆ ನೀನೇ ಹೊರಟೋಗ್ತೀಯ ಕಣವ್ವ. ನಂಗಿವೆಲ್ಲ ಆಗಾಕಿಲ್ಲ ಬುಡು. ಹಸ ಬುಟ್ಟು ನಾನ್ ಬರಕ್ಕಾಗಲ್ಲ. ನೀನೇ ಬಂದ್ ನೋಡ್ಕೋ."

ಭಾನುವಾರ ಬೆಳಿಗ್ಗೆ ಹಗಲು ನೋಡಿಕೊಳ್ಳುವ ಹೆಂಗಸನ್ನು ಇವರ ಜೊತೆ ಬಿಟ್ಟು ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಹೇಳುತ್ತಿದ್ದದ್ದು ರೆಕಾರ್ಡು ಮಾಡಿದ ಯಾವುದೋ ಹೆಣ್ಣುದನಿ. ಕುಣಿಗಲ್ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ತೆಂಗಿನ ತೋಟಗಳು, ರಾಗಿ ಹೊಲಗಳು, ಢಾಬಾಗಳು ಹಿಂದಕ್ಕೆ ಹೋದವು. ಅತ್ತಿಗೆಯ ಮುಂದೆ ಹೇಗೆ ಮುಖ ಇಟ್ಟುಕೊಳ್ಳಬೇಕು ಎಂದು ಒಮ್ಮೆ ಯೋಚಿಸಿದೆ. ಮತ್ತೆ ಯೋಚಿಸಲಿಲ್ಲ. ಕುಣಿಗಲ್ಲಿನಲ್ಲಿ ಇಳಿದು ಆಟೋ ಹಿಡಿದೆ.

ಅತ್ತಿಗೆ ಕೊಟ್ಟಿಗೆ ಬಾಚುತ್ತಿದ್ದರು. ನನ್ನನ್ನು ಕಂಡು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, "ಕೈಕಾಲ್ ತೊಳ್ಕೋ, ಉಣ್ಣು ಮೊದ್ಲು" ಅಂದರು. ಮುದ್ದೆ, ಉಪ್ಸಾರು. ಹಸಿವಿರಲಿಲ್ಲ. ಬೇಡವೆಂದರೆ ಮಾತು ಬೆಳೆಯುತ್ತದೆಂದು ಉಂಡೆ. ಅವರು ಎದುರಿಗೆ ಕೂತು ತಮ್ಮನ ಕೈಯ ವಿಷಯ, ಕಾಲಿನ ವಿಷಯ, ಮಲಗುವ ವಿಷಯ ಕೇಳಿದರು. ನಾನು ಹೇಳಿದೆ.

"ಮಾತು?"

"ಅದೇ ಒಂದು. ಅಲ್ವಾ."

ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಉಪ್ಸಾರು ಬಿಟ್ಟರು.

ಊಟವಾದ ಮೇಲೆ ಗೂಡಿನಿಂದ ಫೋನು ತಂದುಕೊಟ್ಟರು. ಜಗಲಿಯ ಬೆಳಕಿನಲ್ಲಿ ಕೂತು ಸೆಟ್ಟಿಂಗ್ಸ್ ತೆರೆದೆ. ಹಿಂದೆ ಸೇರಿಸಿಟ್ಟ ವೈಫೈಗಳಲ್ಲಿ ನಮ್ಮದೊಂದೇ ಇತ್ತು. ಹಂಚಿಕೊಳ್ಳುವ ಗುರುತು ಒತ್ತಿದರೆ ಮಾಲೀಕರ ಬೆರಳು ಕೇಳಿತು. ಅತ್ತಿಗೆ ಹೆಬ್ಬೆರಳು ಒತ್ತಿದರು, ಒಪ್ಪಲಿಲ್ಲ. ಕಾಯಿ ಸುಲಿದು, ಸಗಣಿ ಬಾಚಿ, ಬೆರಳಿನ ಗೆರೆಗಳೆಲ್ಲ ಸವೆದು ಒಡೆದಿದ್ದವು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತಿದರು. ಆಗಲಿಲ್ಲ.

"ಗೀಟ್ ಎಳೀತೀನಿ ತಾಳು" ಎಂದು ಫೋನು ತಿರುಗಿಸಿಕೊಂಡು, ನನಗೆ ಕಾಣದ ಹಾಗೆ ಚುಕ್ಕಿಗಳ ಮೇಲೆ ಗೆರೆ ಎಳೆದರು.

ಕಪ್ಪು ಬಿಳಿ ಚೌಕಗಳ ಒಂದು ಚಿತ್ರ ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪಾಸ್‌ವರ್ಡ್.

ಅದು ಅತ್ತಿಗೆಯ ಹೆಸರು. ಎಲ್ಲರೂ ಕರೆಯುವ ಹೆಸರಲ್ಲ. ಇವರು ಕೂಸಾಗಿದ್ದಾಗ ನಾಲಿಗೆ ತಿರುಗದೆ ಅಕ್ಕನನ್ನು ಹಾಗೆ ಕರೆಯುತ್ತಿದ್ದರಂತೆ. ದೊಡ್ಡವರಾದ ಮೇಲೂ ಮನೆಯೊಳಗೆ ಅಕ್ಕನನ್ನು ರೇಗಿಸಲು ಎಂದಾದರೊಮ್ಮೆ ಅಂದದ್ದನ್ನು ನಾನು ಕೇಳಿದ್ದೆ. ಆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಹಿಂದೆ ಒಂದೆರಡು ಅಂಕಿ ಸೇರಿಸಿದ್ದರು.

ನಾನು ಮೊದಲು ನನ್ನ ಹೆಸರನ್ನೇ ಹಾಕಿ ನೋಡಿದ್ದು ನೆನಪಾಯಿತು. ನೋವಾಗಬಹುದೇನೋ ಎಂದು ಕಾದೆ. ಆಗಲಿಲ್ಲ. ಆ ಚಿತ್ರವನ್ನು ನನ್ನ ಫೋನಿನಲ್ಲಿ ಹಿಡಿದುಕೊಂಡೆ.

"ಸಿಕ್ತಾ? ಏನಂತೆ ಅದು?" ಅತ್ತಿಗೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಯಾವುದೋ ನಂಬರು ಎಂದು ಹೇಳಿ ನಾನು ಎದ್ದು ಬರಬಹುದಿತ್ತು.

"ನಿಮ್ಮ ಹೆಸರು" ಎಂದು ಅದನ್ನು ಓದಿ ಹೇಳಿದೆ.

ಅವರು ಬಗ್ಗಿ ಫೋನು ನೋಡಿದರು. "ಅವತ್ತು ಹಬ್ಬದಾಗೆ ಏನೋ ಅಂದಿದ್ದ. ನಿನ್ನೆಸ್ರೇ ಇಕ್ಕಿವ್ನಿ, ನೀನಾದ್ರೂ ನೆಪ್ಪಿಟ್ಕೋ ಅಂತ. ರೇಗಿಸ್ತಾವ್ನೆ ಅಂದ್ಕೊಂಡೆ. ಮರ್ತೇ ಹೋಗಿತ್ತು ಕಣವ್ವ."

ಹೇಳುತ್ತಾ ಹೇಳುತ್ತಾ ಕಂಬ ಹಿಡಿದು ಕೂತರು. ಅತ್ತರು. ಬಾಯಿಗೆ ಸೆರಗು ಒತ್ತಿಕೊಳ್ಳದೆ, ದನಿ ತೆಗೆದು ಅತ್ತರು. ನಾನು ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟೆ. ಅವರ ಬೆನ್ನು ಅಲುಗುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ಅಷ್ಟೇ.

ಅಳು ನಿಂತ ಮೇಲೆ ಅವರು ನನ್ನ ಮುಖವನ್ನು ತಿರುಗಿಸಿಕೊಂಡು ನೋಡಿದರು. ಕಣ್ಣು ಒಣಗಿಯೇ ಇತ್ತು.

"ನಿಂಗೆ ಬರಾದೇ ಇಲ್ವೇನೇ?"

"ಬರ್ತಿಲ್ಲ ಅತ್ತಿಗೆ. ಬರ್ಲಿ ಅಂತ ನಾನೂ ನೋಡಿದೆ."

ಈ ಸಲ ಅವರು ಕಲ್ಲು ಅನ್ನಲಿಲ್ಲ. "ನಮ್ಮವ್ವ ಸತ್ತಾಗ ನಂಗೂ ಹಿಂಗೇ ಆಗಿತ್ತು" ಅಂದರು. "ಇವ್ನನ್ನ ಸೊಂಟದ್ ಮ್ಯಾಲ್ ಹಾಕ್ಕೊಂಡು ಬಂದೋರ್ಗೆಲ್ಲ ನೀರ್ ಕೊಡ್ತಿದ್ದೆ. ಜನ ನನ್ನೂ ಅಂದ್ರು."

ಆಮೇಲೆ ಒಂದು ಚೀಲಕ್ಕೆ ತೆಂಗಿನಕಾಯಿ, ಅವರೆಕಾಳು ತುಂಬಿಕೊಟ್ಟರು. ಆಟೋ ಬರುವವರೆಗೆ ರಸ್ತೆಯಲ್ಲಿ ನನ್ನ ಜೊತೆ ನಿಂತಿದ್ದರು.

ಮನೆಗೆ ಬಂದು ಪಾಸ್‌ವರ್ಡ್ ಹಾಕಿದೆ. ವೈಫೈ ಹಿಡಿಯಿತು. ಇವರ ಬಳಿ ಹೋಗಿ, "ಸಿಕ್ತು ರೀ" ಎಂದು ಆ ಹೆಸರನ್ನು ಜೋರಾಗಿ ಹೇಳಿದೆ. ಅವರ ಮುಖದಲ್ಲಿ, ಮೇಲೆತ್ತಲು ಬರುವ ಒಂದೇ ಬದಿಯಲ್ಲಿ, ನಗು ಬಂತು. ನನ್ನ ಮಣಿಕಟ್ಟು ಹಿಡಿದು "ಅಲ್ವಾ, ಅಲ್ವಾ" ಅಂದರು. ಈ ಸಲ ಆ ಪದ ಸರಿಯಾದ ಜಾಗದಲ್ಲೇ ಬಂದಿತ್ತು.

ಸೋಮವಾರ ರಜೆ ಹಾಕಿದ್ದೆ. ಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ, ಶಾಂತವಾಗಿ ಮಾತಾಡುತ್ತಿದ್ದಳು. ಫೋನನ್ನು ಇವರ ಮುಂದೆ ಒಂದು ಡಬ್ಬಿಗೆ ಆನಿಸಿಟ್ಟು ನಾನು ಅಡುಗೆಮನೆಗೆ ಹೋದೆ. ಎದುರಿಗೆ ನಾನಿದ್ದರೆ ಅವರು ನನ್ನ ಮುಖವನ್ನೇ ನೋಡುತ್ತಾರೆ. ಚಿತ್ರ ತೋರಿಸಿ ಹೆಸರು ಕೇಳಿದಳು. ಲೋಟ, ಬಾಗಿಲು, ಹಸು. ಎಲ್ಲಕ್ಕೂ ಅಲ್ವಾ. ಅವಳು ಬೇಸರ ಮಾಡಿಕೊಳ್ಳಲಿಲ್ಲ.

"ಆಯ್ತು ಸಾರ್, ಚಿತ್ರ ಬೇಡ. ನಾನು ವಾರಗಳ ಹೆಸರು ಹೇಳ್ತೀನಿ, ನನ್ ಜೊತೆ ಬನ್ನಿ. ಭಾನುವಾರ, ಸೋಮವಾರ..."

ಸ್ವಲ್ಪ ಹೊತ್ತು ಅವಳ ದನಿ ಮಾತ್ರ ಇತ್ತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಆಗ ಕೇಳಿಸಿತು. ಒರಟಾದ, ತುಕ್ಕು ಹಿಡಿದ ದನಿ. "...ವಾರ. ಸೋಮವಾರ. ಮಂಗ್ಳವಾರ."

ನಾನು ಹಾಲಿನ ಪಾತ್ರೆಯ ಮುಂದೆ ನಿಂತಿದ್ದೆ. ವಾರಗಳ ಹೆಸರು, ಹಾಡು, ಎಣಿಕೆ, ಬಾಯಿಪಾಠ ಮಾಡಿದ್ದೆಲ್ಲ ತಲೆಯಲ್ಲಿ ಬೇರೆ ಕಡೆ ಇರುತ್ತವಂತೆ, ಮಾತು ಹೋದರೂ ಅವು ಹೋಗುವುದಿಲ್ಲವಂತೆ. ಇದನ್ನೆಲ್ಲ ಅವಳು ಆಮೇಲೆ ವಿವರಿಸಿದಳು. ಆಗ ನನಗೇನೂ ಗೊತ್ತಿರಲಿಲ್ಲ. ಮನೆಯೊಳಗೆ ಅವರ ದನಿ ಇತ್ತು, ಅಷ್ಟು ಮಾತ್ರ ಗೊತ್ತಾಯಿತು.

"ಬುಧವಾರ" ಎಂದರು. ನಿಂತುಹೋದರು. ಆ ಹುಡುಗಿಯೂ ಸುಮ್ಮನೆ ಕಾಯುತ್ತಿದ್ದಳು. ಸ್ಟವ್ ಆರಿಸಿದೆ.

"ಗುರುವಾರ" ಎಂದು ನಾನು ಒಳಗಿನಿಂದಲೇ ಹೇಳಿದೆ.

"ಗುರುವಾರ" ಎಂದರು ಅವರು, ಮತ್ತೆ ಮುಂದಕ್ಕೆ ಹೋದರು.