ಗಾಡಿಮನೆಯ ಅಕ್ಕೋರು

ಅಕ್ಕೋರ ಬಲಗೈ ಮಣಿಕಟ್ಟಿನ ಮೇಲೆ ನಾಲ್ಕು ಬಿಳಿ ಕಲೆಗಳಿದ್ದವು. ಹಲಗೆಯ ಮೇಲೆ ಬರೆಯಲು ಕೈ ಎತ್ತಿದಾಗ ಬಳೆ ಹಿಂದಕ್ಕೆ ಸರಿದು ಅವು ಕಾಣಿಸುತ್ತಿದ್ದವು. ಆ ಕಲೆಗಳು ಬಿದ್ದ ದಿನ ನಾನು ಅಲ್ಲೇ ಇದ್ದೆ. ಕನಮಡಿಯ ಶಾಲೆಯಲ್ಲಿ ಅವರು ನಮ್ಮ ಟೀಚರು, ನಾನಾಗ ನಾಲ್ಕನೆಯ ಇಯತ್ತೆ. ಪಾಯಖಾನೆಗೆಂದು ತೋಡಿಬಿಟ್ಟಿದ್ದ ಗುಂಡಿಗೆ ಬೀದಿನಾಯಿಯೊಂದು ಬಿದ್ದು ಮುಂಜಾನೆಯಿಂದ ಕುಂಯ್ಗುಡುತ್ತಿತ್ತು. ಅಕ್ಕೋರು ಸೀರೆ ಮೇಲಕ್ಕೆ ಸಿಕ್ಕಿಸಿ ಇಳಿದೇಬಿಟ್ಟರು. ನಾಯಿ ಕೈ ಹಿಡಿದು ಕಚ್ಚಿತು. ಅದನ್ನು ಬಿಡದೆ ಮೇಲೆತ್ತಿ ತಂದರು. ಬೋರಿಂಗಿನ ನೀರಲ್ಲಿ ಕೈ ತೊಳೆದುಕೊಂಡು, "ಎಲ್ಲಿಗಿ ಬಿಟ್ಟಿದ್ವಿ? ಏಳರ ಮಗ್ಗಿ," ಎಂದರು. ಆಮೇಲೆ ಎಷ್ಟೋ ದಿನ ಸೂಜಿ ಮಾಡಿಸಿಕೊಳ್ಳಲು ವಿಜಯಪುರಕ್ಕೆ ಹೋಗಿಬರುತ್ತಿದ್ದರು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟಾಗ ನಮ್ಮ ಮನೆಗೆ ಬಂದು, ಅಪ್ಪನ ಎದುರು ನೆಲದ ಮೇಲೆ ಕೂತು, "ಸಾಲಿ ಬ್ಯಾಡಂದ್ರ ಬ್ಯಾಡ್ರಿ, ಕೈಯಾಗ ಒಂದು ವಿದ್ಯಾ ಇರಲಿ ಹುಡುಗಿಗಿ," ಎಂದು ಹೊಲಿಗೆ ತರಬೇತಿಗೆ ಹಚ್ಚಿದವರು ಅವರೇ. ಇಂದು ವಿಜಯಪುರದ ಇಬ್ರಾಹಿಂಪುರದಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಆ ಅಂಗಡಿ ನಿಂತಿರುವುದು ಅಂದು ಅವರು ಆಡಿದ ಆ ಒಂದು ಮಾತಿನ ಮೇಲೆ.

ಅಕ್ಕೋರು ಮದುವೆಯಾಗಲಿಲ್ಲ. ನಿವೃತ್ತರಾಗಿ ವಿಜಯಪುರಕ್ಕೆ ಬಂದಾಗ ಜೊತೆಗೆ ಎರಡು ನಾಯಿಗಳಿದ್ದವು. ಒಂದು ಉದ್ದ ಕಾಲಿನ, ಸಣಕಲ ಹೆಣ್ಣುನಾಯಿ, ಹೆಸರು ಚವಳಿ. ಇನ್ನೊಂದು ಅರ್ಧ ಕುರುಡಾದ ಮುದಿನಾಯಿ. ಅದಕ್ಕೆ ಹೆಡ್‌ಮಾಸ್ತರ ಎಂದು ಹೆಸರಿಟ್ಟಿದ್ದರು. "ನಾ ಕಂಡ ಹೆಡ್‌ಮಾಸ್ತರೆಲ್ಲಾ ಹಿಂಗ ಮಲಗತಿದ್ರು ಬೇ," ಎಂದು ನಗುತ್ತಿದ್ದರು. ಆದರೆ ಬಾಡಿಗೆ ಮನೆಯವರಿಗೆ ನಗು ಬರುತ್ತಿರಲಿಲ್ಲ. ಮೂರು ವರ್ಷದಲ್ಲಿ ನಾಲ್ಕು ಮನೆ ಬಿಡಿಸಿದರು. ಕೊನೆಯ ಮನೆಯ ಯಜಮಾನ ಬಾಗಿಲಲ್ಲೇ ನಿಂತು, "ನಾಯಿ ಬಿಡ್ರಿ, ಇಲ್ಲಾ ಮನಿ ಬಿಡ್ರಿ. ನೀವ ಹೇಳ್ರಿ," ಎಂದ. ಅಕ್ಕೋರು ಅವತ್ತೇ ಗಂಟು ಕಟ್ಟತೊಡಗಿದರು.

ನಿವೃತ್ತಿಯ ದುಡ್ಡಿನಲ್ಲಿ ಅವರು ಕೊಂಡದ್ದು ಹಳೆಯದೊಂದು ಶಾಲಾ ವ್ಯಾನು. ಅರವತ್ತು ದಾಟಿದ ಮೇಲೆ ಗಾಡಿ ಕಲಿತರು. ನಮ್ಮ ಓಣಿಯ ವೆಲ್ಡಿಂಗ್ ಅಂಗಡಿಯವ ಸೀಟುಗಳನ್ನು ಕಿತ್ತು ಒಂದು ಮಂಚ, ಒಂದು ಒಲೆಕಟ್ಟೆ, ಗಾಡಿಯ ನೆತ್ತಿಯ ಮೇಲೆ ನೀರಿನ ಟಾಕಿ ಕೂಡಿಸಿದ. ಗಾದಿಯ ಕವರು, ಕಿಟಕಿಯ ಪರದೆ ನಾನು ಹೊಲಿದೆ. ಓಣಿಯ ಹೆಂಗಸರು, "ಈ ವಯಸ್ಸಿನ್ಯಾಗ ಗಾಡ್ಯಾಗ ಸಂಸಾರಾ?" ಎಂದು ಬಾಯಿಗೆ ಸೆರಗು ಹಿಡಿದರು.

ಮೊದಲ ವಾರ ಗಾಡಿ ನಮ್ಮ ಅಂಗಡಿಯ ಹಿಂದಿನ ಬಯಲಲ್ಲೇ ನಿಂತಿತ್ತು. ಯಾವುದು ಎಲ್ಲಿರಬೇಕೆಂದು ಅಕ್ಕೋರಿಗೆ ಬಗೆಹರಿಯುತ್ತಿರಲಿಲ್ಲ. ಪಾತ್ರೆ ಇಟ್ಟಲ್ಲಿ ಕಾಲು ತಾಗುತ್ತಿತ್ತು, ಕಾಲು ಚಾಚಿದಲ್ಲಿ ನಾಯಿ ಮಲಗಿರುತ್ತಿತ್ತು. ಒಂದು ಸುತ್ತು ಓಡಿಸಿ ಬಂದರೆ ಶೇಂಗಾ ಹಿಂಡಿಯ ಡಬ್ಬಿ ಉರುಳಿ ಹಾಸಿಗೆಯೆಲ್ಲ ಚಟ್ನಿಪುಡಿಯ ಕೆಂಪು. ನಾಯಿಗಳಂತೂ ಒಳಗೆ ಬರಲು ಒಲ್ಲವು. ಎಂಜಿನ್ ಶುರುವಾದರೆ ಹೆಡ್‌ಮಾಸ್ತರ ನಡುಗುತ್ತಿತ್ತು. ಅಕ್ಕೋರು ರೊಟ್ಟಿ ಮುರಿದಿಟ್ಟುಕೊಂಡು ಗಾಡಿಯ ನೆಲದ ಮೇಲೆ ಮೂರು ದಿನ ಕೂತರು. ನಾಲ್ಕನೆಯ ದಿನ ಮುದಿನಾಯಿ ತಾನೇ ಹತ್ತಿ ಮಂಚದ ಕೆಳಗೆ ಸೇರಿಕೊಂಡಿತು. ಅಕ್ಕೋರು ಅಂಗಡಿಗೆ ಓಡಿಬಂದು, "ಗೃಹಪ್ರವೇಶ ಆತು ಬೇ!" ಎಂದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಮೊದಲ ಪ್ರಯಾಣಕ್ಕೆ ನನ್ನನ್ನೂ ಕರೆದರು. ಟಿಕೋಟಾ, ಅಲ್ಲಿಂದ ಬಬಲೇಶ್ವರ, ಆಮೇಲೆ ಎತ್ತ ಮನಸ್ಸಾದರೆ ಅತ್ತ. ಎರಡು ದಿನ ಅಂಗಡಿಗೆ ಕೀಲಿ ಹಾಕಿ ಹೊರಟೆ. ಯುಗಾದಿ ಮುಗಿದಿತ್ತು, ಬಿಸಿಲು ಏರುತ್ತಿತ್ತು. ಮೊದಲ ದಿನ ಟಿಕೋಟಾದ ಹೊರಗೆ ಬೇವಿನ ಗಿಡದ ಕೆಳಗೆ ಉಳಿದೆವು. ಮುಂಜಾನೆ ಅಕ್ಕೋರು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ಕೂತು, "ನೋಡು, ಇವತ್ತ ನನ್ನ ಮನಿ ಮುಂದ ದ್ರಾಕ್ಷಿ ತ್ವಾಟ ಐತಿ. ನಿನ್ನಿ ಗಟಾರ ಇತ್ತು," ಎಂದರು. ಕಪ್ಪು ಕೆಳಗಿಟ್ಟು, "ಇಷ್ಟ ವರ್ಷ ಮಂದಿ ಮನ್ಯಾಗ ಉಸರ ಹಿಡಕೊಂಡ ಇದ್ದೆ," ಎಂದರು.

ಹೆಡ್‌ಮಾಸ್ತರ ಅವತ್ತು ರೊಟ್ಟಿ ಮೂಸಲಿಲ್ಲ. ಹೀಗಾಗಿ ಬಬಲೇಶ್ವರ ಮುಟ್ಟಿದ ಕೂಡಲೇ ಗಾಡಿಯನ್ನು ಪೇಟೆಯ ರಸ್ತೆಯ ಬದಿಗೆ ನಿಲ್ಲಿಸಿ, ದನದ ಡಾಕ್ಟರನ್ನು ಹುಡುಕಿ ಕರೆತರಲು ಅಕ್ಕೋರು ಹೊರಟರು. ಇಳಿಯುವಾಗ ಎರಡು ಸಲ ಹೇಳಿದರು: "ಕಿಟಕಿ ತೆರದ ಇರಲಿ. ನೀ ಗಾಡಿ ಬಿಟ್ಟು ಹೋಗಬ್ಯಾಡ."

ಹೋಗುವ ಬರುವ ಮಂದಿಯನ್ನು ಕಂಡು ಚವಳಿ ಬೊಗಳತೊಡಗಿತು. ಎದುರಿನ ಅಂಗಡಿಯವ ಬಂದು, "ಏನ್ರೀ ಇದು? ಗಿರಾಕಿ ಒಳಗ ಬರವಲ್ರು. ನಾಯಿ ಬಾಯಿ ಮುಚ್ಚಸ್ರಿ ಮೊದಲ," ಎಂದು ರೇಗಿದ. ನನಗೆ ನಾಚಿಕೆಯಾಯಿತು. ಹೊರಗಿನದು ಕಾಣದಿದ್ದರೆ ಸುಮ್ಮನಾದೀತೆಂದು ಕಿಟಕಿಯ ಗಾಜುಗಳನ್ನೆಲ್ಲ ಎಳೆದೆ, ಪರದೆ ಮುಚ್ಚಿದೆ. ಚವಳಿ ಸುಮ್ಮನಾಯಿತು. ಒಳಗೆ ಕಾವು ಏರಿದ್ದರಿಂದ ನಾನು ಕೆಳಗಿಳಿದು ಬಾಗಿಲು ಹಾಕಿಕೊಂಡೆ. ನನಗೆ ಸೆಕೆಯಾಗಿದ್ದು ತಿಳಿಯಿತು. ಅವುಗಳಿಗೂ ಆಗುತ್ತದೆಂಬುದು ಹೊಳೆಯಲಿಲ್ಲ.

ನಾಲ್ಕು ಹೆಜ್ಜೆಯಾಚೆ ಅರಿವೆ ಅಂಗಡಿ ಇತ್ತು. ಹೊರಗೆ ಕುಪ್ಪಸದ ಖಣಗಳನ್ನು ಇಳಿಬಿಟ್ಟಿದ್ದರು. ಮದುವೆಯ ಹಂಗಾಮು, ಗಿರಾಕಿಗಳು ಕೇಳುತ್ತಿದ್ದರು, ಒಂದು ಸಲ ನೋಡಿ ಬರೋಣ ಎಂದು ಒಳಗೆ ಹೋದೆ. ಬಣ್ಣ ಆರಿಸಿದೆ, ಅಂಚು ಹೋಲಿಸಿದೆ. ನಡುವೆ ಊರಿಂದ ಫೋನು ಬಂತು, ಮಾತಾಡಿದೆ. ಹೊರಗೆ ಬಂದಾಗ ಒಂದು ತಾಸಿನ ಮೇಲಾಗಿತ್ತು.

ಗಾಡಿಯ ಬಾಗಿಲು ತೆರೆದಿತ್ತು. ಡಾಕ್ಟರು ಸಿಗದೆ ಮರಳಿದ್ದ ಅಕ್ಕೋರು ನೆಲದ ಮೇಲೆ ಕೂತು ಕೊಡದ ನೀರನ್ನು ಚವಳಿಯ ಮೈಮೇಲೆ ಸುರಿಯುತ್ತಿದ್ದರು. ಅದು ಬಾಗಿಲ ಸಂದಿಗೆ ಮೂಗು ಹಚ್ಚಿ ಬಿದ್ದಿತ್ತಂತೆ, ಅದಕ್ಕೇ ಉಳಿದಿತ್ತು. ಹೆಡ್‌ಮಾಸ್ತರ ಮಂಚದ ಕೆಳಗೇ ಇತ್ತು. ಅದರ ನಾಲಿಗೆ ಹೊರಗೆ ಬಿದ್ದಿತ್ತು, ಹೊಟ್ಟೆ ಆಡುತ್ತಿರಲಿಲ್ಲ.

"ಈಗಷ್ಟ ಮುಚ್ಚಿದ್ದೆ ಅಕ್ಕೋರ," ಎಂದೆ. "ಭಾಳ ಒದರಾಕತ್ತಿತ್ರಿ. ಐದು ನಿಮಿಷನೂ ಆಗಿಲ್ರಿ."

ಅಕ್ಕೋರು ತಲೆಯೆತ್ತಿ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿದ್ದ ಅರಿವೆಯ ಚೀಲವನ್ನು ನೋಡಿದರು. "ಹೂಂ. ವಯಸ್ಸಾಗಿತ್ತು ಅದಕ್ಕ," ಎಂದರು. ಸುತ್ತ ನಿಂತವರಿಗೂ ಅದನ್ನೇ ಹೇಳಿದರು.

ನಿಡೋಣಿಯ ದಾರಿಯಲ್ಲಿ ಹೊಲವೊಂದರ ಬದುವಿನ ಹತ್ತಿರ ಗಾಡಿ ನಿಲ್ಲಿಸಿ, ಅಲ್ಲಿದ್ದ ರೈತ ಹೆಂಗಸಿಗೆ ಕೈಮುಗಿದು ಜಾಗ ಕೇಳಿದರು. "ಮಣ್ಣು ಕೊಡಾಕ ಏನ್ ಕೇಳತೀರಿ ಯವ್ವಾ, ಅಗೀರಿ," ಎಂದು ಆಕೆ ತಾನೇ ಸಲಿಕೆ ತಂದಳು. ನಾನು ಅಗೆಯಲು ಹೋದೆ. "ಬ್ಯಾಡ," ಎಂದರು ಅಕ್ಕೋರು. ಅವರು ಮತ್ತು ಆ ಹೆಂಗಸು ಅಗೆದರು. ನಾನು ಬದುವಿನ ಮೇಲೆ ನಿಂತಿದ್ದೆ.

ಅಲ್ಲಿಂದ ಮರಳಿದ ಮೇಲೆ ಗಾಡಿ ಎಲ್ಲೂ ಹೋಗಲಿಲ್ಲ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಕಡೆಯ ಬಯಲಿನಲ್ಲಿ ನಿಂತೇಬಿಟ್ಟಿತು. ಅಕ್ಕೋರು ಗಾಜು ಮುಚ್ಚುವುದನ್ನೇ ಬಿಟ್ಟರು. ಗಾಳಿ ಬೀಸಿದರೆ ಒಲೆಯ ಮೇಲೆ ಧೂಳು, ಮಳೆ ಬಂದರೆ ಗಾದಿ ತೊಯ್ಯುತ್ತಿತ್ತು. ನನ್ನೊಡನೆ ಮಾತು ಬಿಟ್ಟರೆಂದಲ್ಲ. ಹೋದರೆ ಚಹಾ ಮಾಡುತ್ತಿದ್ದರು, ನನ್ನ ಮಕ್ಕಳ ಓದು ಕೇಳುತ್ತಿದ್ದರು. ಆದರೆ ಚವಳಿಯ ಹಗ್ಗ ಸದಾ ಅವರ ಎಡಗೈಗೆ ಸುತ್ತಿಕೊಂಡಿರುತ್ತಿತ್ತು.

ಮಳೆಗಾಲದಲ್ಲಿ ಅವರಿಗೆ ಎದೆನೋವು ಶುರುವಾಯಿತು. ಬಲವಂತ ಮಾಡಿ ಒಂದು ದಿನ ಆಸ್ಪತ್ರೆಗೆ ಕರೆದೊಯ್ದೆ. ಚವಳಿಯೂ ಆಟೋದಲ್ಲಿ ಬಂತು. ಹೃದಯದ ತೊಂದರೆ, ನಾಲ್ಕು ದಿನವಾದರೂ ದಾಖಲಾಗಬೇಕು ಎಂದರು ಡಾಕ್ಟರು. ನಾಯಿಯನ್ನು ಒಳಗೆ ಬಿಡುವಂತಿರಲಿಲ್ಲ. ಅಕ್ಕೋರು ಚೀಟಿ ಮಡಚಿಕೊಂಡು ಹೊರಗೆ ಬಂದರು.

"ನಾಲ್ಕು ದಿನ ನಾ ನೋಡ್ಕೋತೀನಿ ಅಕ್ಕೋರ, ದಾಖಲಾಗ್ರಿ," ಎಂದೆ.

"ಬ್ಯಾಡ ಬಿಡು. ನಿನಗ ಅಂಗಡಿ ಕೆಲಸ ಇರತಾವ."

ಆಗ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯ ಗೇಟಿನ ಬಳಿಯೇ ಅಳುತ್ತ ಎಲ್ಲ ಹೇಳಿದೆ. ಐದು ನಿಮಿಷವಲ್ಲ, ಒಂದು ತಾಸು. ಅರಿವೆ ಅಂಗಡಿ. ಫೋನು. ಅಕ್ಕೋರು ಪೂರ್ತಿ ಕೇಳಿಸಿಕೊಂಡರು.

"ಗೊತ್ತಿತ್ತು. ಅವತ್ತ ಕಿಟಕಿ ಚಿಲಕ ಮುಟ್ಟಿದರ ಕೈ ಸುಡತಿತ್ತು," ಎಂದರು.

"ಸಿಟ್ಟೈತೇನ್ರಿ ನನ್ನ ಮ್ಯಾಲ?"

"ಸಿಟ್ಟಿಲ್ಲವ್ವಾ." ನನ್ನ ಕಣ್ಣನ್ನು ತಮ್ಮ ಸೆರಗಿನಿಂದಲೇ ಒರೆಸಿದರು. "ನಂಬಿಗಿ ಇಲ್ಲ, ಅಷ್ಟ."

ಅವರು ದಾಖಲಾಗಲಿಲ್ಲ. ನಾನು ದಿನಾ ಹೋಗಿ ಕೇಳಿಕೊಂಡೆ, ಓಣಿಯ ಹಿರಿಯರಿಂದ ಹೇಳಿಸಿದೆ. ಯಾರು ಬಂದು ಚವಳಿಯನ್ನು ನೋಡಿಕೊಳ್ಳುತ್ತೇವೆಂದರೂ ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಿದ್ದರು. ಇಪ್ಪತ್ತು ದಿನವೂ ಕಳೆಯಲಿಲ್ಲ. ಒಂದು ಮುಂಜಾನೆ ಹಾಲು ಕೊಡಲು ಹೋದಾಗ ಬಾಗಿಲು ತೆರೆದೇ ಇತ್ತು. ಅಕ್ಕೋರು ಮಂಚಕ್ಕೆ ಒರಗಿ ಕೂತಂತೆಯೇ ಹೋಗಿಬಿಟ್ಟಿದ್ದರು. ಚವಳಿ ಅವರ ತೊಡೆಯ ಮೇಲೆ ತಲೆಯಿಟ್ಟಿತ್ತು. ನನ್ನನ್ನು ಕಂಡು ಗುರ್ ಎಂದಿತು. ನನ್ನನ್ನು ಹತ್ತಿರ ಬಿಡಲಿಲ್ಲ, ಅಕ್ಕೋರ ಕೈಯಿಂದ ಹಗ್ಗ ಬಿಡಿಸಲು ವೆಲ್ಡಿಂಗ್ ಅಂಗಡಿಯವನನ್ನು ಕರೆಸಬೇಕಾಯಿತು.

ಶಾಲೆ ಬಿಟ್ಟು ಕೂತಿದ್ದ ಹುಡುಗಿಯನ್ನು ನಂಬಿ ಅಪ್ಪನ ಮುಂದೆ ವಾದಿಸಿದವರು ಅವರು. ಆ ನಂಬಿಕೆ ನನಗೆ ಬದುಕು ಕೊಟ್ಟಿತು. ನಾನು ಅವರಿಗೆ ಒಂದು ತಾಸು ಕೊಡಲಿಲ್ಲ. ದಾಖಲಾಗಿದ್ದರೆ ಇನ್ನೂ ಹತ್ತು ವರ್ಷ ಇರುತ್ತಿದ್ದರು ಎಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಧೈರ್ಯವಿಲ್ಲ.

ಚವಳಿ ಈಗ ನಮ್ಮ ಮನೆಯಲ್ಲಿದೆ. ಒಳಗೆ ಬರುವುದಿಲ್ಲ, ಮಳೆಯಿರಲಿ ಬಿಸಿಲಿರಲಿ ಬಾಗಿಲ ಹೊರಗೇ. ಮಕ್ಕಳು ಕೊಟ್ಟರೆ ತಿನ್ನುತ್ತದೆ. ನನ್ನ ಕೈಯಿಂದ ಮಾತ್ರ ತಿನ್ನುವುದಿಲ್ಲ. ನಾನು ರೊಟ್ಟಿ ಇಟ್ಟು, ಒಳಗೆ ಹೋಗಿ, ಗೋಡೆಯ ಹಿಂದೆ ನಿಂತುಕೊಳ್ಳುತ್ತೇನೆ. ಬಹಳ ಹೊತ್ತಿನ ಮೇಲೆ ತಟ್ಟೆಯ ಸಪ್ಪಳ ಕೇಳುತ್ತದೆ.