ಸತ್ತ ರಾಜನಿಗೆ ವನ್ಸ್ ಮೋರ್

ನನಗೆ ರಾಗ ಗೊತ್ತಿಲ್ಲ, ತಾಳವೂ ಗೊತ್ತಿಲ್ಲ. ಆದರೆ ‘ವನ್ಸ್ ಮೋರ್’ ಕೂಗುವುದರಲ್ಲಿ ನಮ್ಮ ಹೊಸದುರ್ಗದ ಕಡೆ ನನ್ನನ್ನು ಮೀರಿಸುವವರು ಕಡಿಮೆ. ಅದೇನು ಮಹಾ ವಿದ್ಯೆ ಎಂದು ನೀವು ನಗಬಹುದು. ನಮ್ಮ ಊರುಗಳ ನಾಟಕಗಳಲ್ಲಿ ಹಾಡು ಹಿಡಿಸಿದರೆ ಜನ ವನ್ಸ್ ಮೋರ್ ಎನ್ನುತ್ತಾರೆ. ಅಂದಮೇಲೆ ನಟ ಮತ್ತೆ ಹಾಡಲೇಬೇಕು. ಯುದ್ಧದಲ್ಲಿ ಸತ್ತುಬಿದ್ದ ರಾಜನೂ ಎದ್ದು, ಕಿರೀಟ ಸರಿಮಾಡಿಕೊಂಡು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ರಂಗದ ಮೇಲೆ ಸಾವನ್ನು ತೋರಿಸಬಾರದು ಎಂದು ಹಳೆಯ ಲಾಕ್ಷಣಿಕರು ಹೇಳಿದ್ದಾರಂತೆ. ಪಾಪ, ಅವರು ಒಂದೇ ಸಾವಿಗೆ ಹೆದರಿದವರು. ನಮ್ಮ ಕಡೆಯ ಮತ್ತೋಡಿನ ನಾಟಕ ನೋಡಿರಲಿಕ್ಕಿಲ್ಲ.

ಈ ಪದ್ಧತಿಯನ್ನೇ ನಂಬಿ ಹುಟ್ಟಿದ್ದು ‘ಸೀನರಿ’ ಎಂಬ ರಾಕ್ ಬ್ಯಾಂಡು. ಶ್ರೀರಾಂಪುರದ ತಿಪ್ಪೇಶನ ಮನೆಯವರು ನಾಟಕಗಳಿಗೆ ಸೀನರಿ, ಅಂದರೆ ಪರದೆ, ಕಿರೀಟ, ಗದೆ ಎಲ್ಲ ಬಾಡಿಗೆ ಕೊಡುವವರು. ಇವನು ಗೆಳೆಯರ ಗಿಟಾರು, ಡ್ರಮ್ಮುಗಳನ್ನು ಆ ಸಾಮಾನಿನ ಗೋದಾಮಿಗೇ ತಂದ. ನಾಟಕದ ಹಾರ್ಮೋನಿಯಂ ಮೇಷ್ಟ್ರು ಓಂಕಾರಪ್ಪನವರನ್ನು ಕೀಬೋರ್ಡಿನ ಮುಂದೆ ಕೂರಿಸಿದ. ಮೇಷ್ಟ್ರು ಒತ್ತಿ ನೋಡಿ, “ಲೇ, ಇದಕ್ಕೆ ಉಸಿರೇ ಇಲ್ವಲ್ಲೋ!” ಎಂದರಂತೆ. ಆಮೇಲೆ ಅದರ ಉಸಿರಿಲ್ಲದ ಯಂತ್ರದ ದನಿಯನ್ನೇ ಪ್ರೀತಿಸಿದರು.

ತಿಪ್ಪೇಶನಿಗೆ ಮುಖದ ತುಂಬ ಬಿಳಿ ಬಣ್ಣ, ತಲೆಗೆ ಕಿರೀಟ, ಕಣ್ಣಿಗೆ ಕಪ್ಪು ಕನ್ನಡಕ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಮೇಲೊಂದು ಹಾಡು ಕಟ್ಟಿದ್ದ: ಮೇಲೆ ಅಷ್ಟೊಂದು ಫ್ಯಾನು ತಿರುಗುತ್ತಿದ್ದರೂ ಕೆಳಗೆ ಕರೆಂಟಿಲ್ಲದೆ ರಾಜ ಬೆವರಿ ಬೆವರಿ ಸಾಯುತ್ತಾನೆ. ಹಿರಿಯೂರಿನಲ್ಲಿ ಅದಕ್ಕೆ ಬಿದ್ದ ಮೊದಲ ವನ್ಸ್ ಮೋರ್ ನನ್ನದೇ. ರಾಜ ಎದ್ದ, ಮತ್ತೆ ಬೆವರಿದ, ಮತ್ತೆ ಸತ್ತ. ಎಂಥ ಚೆಂದದ ಸಾವು!

ಹೆಸರು ಬೆಂಗಳೂರು ಮುಟ್ಟಿತು. ಅಲ್ಲಿನ ತಣ್ಣನೆಯ ಸಭಾಂಗಣದಲ್ಲಿ ತಿಪ್ಪೇಶ ಸತ್ತು ಬಿದ್ದು, ವನ್ಸ್ ಮೋರ್ ಬರಲೆಂದು ಕಾದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿ ಮನೆಗೆ ಹೋದರು. ಕೇಳದೆ ಏಳುವಂತಿಲ್ಲವಲ್ಲ! ಕಸ ಗುಡಿಸುವವರು ಬರುವತನಕ ಬಿದ್ದೇ ಇದ್ದ. ವಿಮರ್ಶಕರೊಬ್ಬರು ಆ ದೀರ್ಘ ಮರಣವನ್ನು ಬಹಳ ಹೊಗಳಿದರು. ತಿಪ್ಪೇಶ ಮಾತ್ರ ಅವತ್ತಿನಿಂದ ಸಾಯುವುದನ್ನೇ ಬಿಟ್ಟ. ಗಡಿಯಾರ ನೋಡಿ ಹಾಡತೊಡಗಿದ, ಮೇಷ್ಟ್ರ ವಾದನವನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡ. ಆಲ್ಬಮ್ಮುಗಳು ಬಂದವು, ಚೆನ್ನಾಗಿಯೂ ಇದ್ದವು. ಆದರೆ ರೆಕಾರ್ಡಿಗೆ ವನ್ಸ್ ಮೋರ್ ಕೇಳಿಸುವುದಿಲ್ಲ.

“ಜನ ಕೇಳಿದ್ರೆ ತಿರುಗಾ ನುಡಿಸಾಕೆ ನಾನಿರೋದು. ಅದೇ ಬ್ಯಾಡಂದ್ರೆ ನಾನ್ಯಾಕೆ?” ಎಂದು ಮೇಷ್ಟ್ರು ಮಾಡದಕೆರೆಯ ಮನೆ ಸೇರಿದರು. ಅವರಿಲ್ಲದೆ ಬ್ಯಾಂಡು ಸೊರಗಿತು. ಹೊಳಲ್ಕೆರೆಯದೇ ಕಡೆಯ ಪ್ರದರ್ಶನ ಎಂದು ತಿಪ್ಪೇಶ ಸಾರಿಬಿಟ್ಟ.

ಮೊನ್ನೆ ಸಂಜೆ ಅಲ್ಲಿಗೆ ಹೋದರೆ, ನನ್ನ ಪಕ್ಕದಲ್ಲೇ ಟವೆಲ್ ಹೊದ್ದು ಮೇಷ್ಟ್ರು! “ನೀವೂ ಬಂದ್ರಾ?” ಎಂದೆ.

“ಮಣ್ಣಿಗೆ ಬರ್ದಿದ್ರೆ ಹೆಂಗ್ರಿ?” ಎಂದರು, ಹೆಣ ಹೂಳಲು ಬಂದವರ ಹಾಗೆ.

ಕೊನೆಗೆ ತಿಪ್ಪೇಶ ಗಾಳಿಯಂತ್ರದ ಹಾಡು ಎತ್ತಿಕೊಂಡ. ಬಹಳ ವರ್ಷಗಳ ಮೇಲೆ ಸತ್ತೂ ಬಿದ್ದ. ಜನ ಚಪ್ಪಾಳೆ ತಟ್ಟಿದರು, ಕೆಲವರು ಚಪ್ಪಲಿ ಹುಡುಕತೊಡಗಿದರು. ಕೂಗೋಣವೆಂದು ಎದ್ದು ನಿಂತ ನಾನು, ಇದೇ ಕಡೆಯ ವನ್ಸ್ ಮೋರ್ ಎಂಬುದು ನೆನಪಾಗಿ ಮತ್ತೆ ಕೂತುಬಿಟ್ಟೆ. ಈ ಬ್ಯಾಂಡನ್ನು ಎಷ್ಟು ಹಚ್ಚಿಕೊಂಡಿದ್ದೆ ಎಂದು ಆಗಲೇ ತಿಳಿದದ್ದು.

“ವನ್ಸ್ ಮೋರ್! ಏಳಲೇ ತಿಪ್ಪೇಶಾ!”

ಮೇಷ್ಟ್ರ ದನಿ. ಸತ್ತ ರಾಜ ಒಂದು ಕಣ್ಣು ತೆರೆದ. “ರೆಕಾರ್ಡು ಮುಗೀತು ಮೇಷ್ಟ್ರೇ, ನುಡಿಸೋರ್ಯಾರು?” ಎಂದು ಬಿದ್ದಲ್ಲಿಂದಲೇ ಕೇಳಿದ.

ಇಷ್ಟು ವರ್ಷ ಕೂಗಿದ ನನಗೆ ಯಾರೂ ಇಂಥ ಮರುಪ್ರಶ್ನೆ ಹಾಕಿರಲಿಲ್ಲ. ಮೇಷ್ಟ್ರು ಎದ್ದರು. ಟವೆಲ್ಲನ್ನು ನನ್ನ ಕೈಗಿಟ್ಟು, “ಜಾಗ ನೋಡ್ಕಳ್ರಿ, ಬಂದೆ” ಎಂದು ವೇದಿಕೆ ಹತ್ತಿದರು.

ಕೀಬೋರ್ಡಿನ ಮುಂದೆ ಕೂತವರು ಆ ಜಾಗಕ್ಕೆ ಮರಳಿ ಬರಲಿಲ್ಲ. ಟವೆಲ್ ನನ್ನ ಬಳಿಯೇ ಇದೆ. ‘ಸೀನರಿ’ಯವರ ಮುಂದಿನ ಪ್ರದರ್ಶನಕ್ಕೆ ಅದನ್ನೇ ಹಾಸಿಕೊಂಡು ಕೂರಬೇಕೆಂದಿದ್ದೇನೆ.