ಅಪ್ಪನ ಮುಖಕ್ಕೆ ಬೇಕಾದ ಚುಕ್ಕಿಗಳು

"ಇದು ಆಗೋದೇ ಇಲ್ಲ" ಎಂದವರು ಘಾಟ್ಕೋಪರ್ ಸ್ಟೇಷನ್ ಹತ್ತಿರದ ಫೋಟೊ ಸ್ಟುಡಿಯೋದ ಯಜಮಾನರು. ಉಡುಪಿ ಕಡೆಯವರು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎಂದು ನಾನು ಫೋನಿನಲ್ಲಿ ತೋರಿಸಿದ್ದು ತೀರಿಹೋದ ಅಪ್ಪನ ಫೋಟೊ. ಕಟ್ಟಡದ ಕೆಲಸದ ನಡುವೆ, ತಲೆಗೆ ಟವೆಲು ಸುತ್ತಿಕೊಂಡು ನಗುತ್ತಿದ್ದಾನೆ. ಅವನದು ಅಂತ ನಮ್ಮಲ್ಲಿದ್ದದ್ದು ಅದೊಂದೇ.

ಆ ವಾರ ನನ್ನ ಬಿ.ಕಾಂ. ಸರ್ಟಿಫಿಕೇಟ್ ಕೈಗೆ ಬರುವುದಿತ್ತು. ನಮ್ಮ ಮನೆತನದಲ್ಲೇ ಮೊದಲನೆಯದು; ಕೊರಿಯರ್ ಹಂಚುತ್ತ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿ ಗಳಿಸಿದ್ದು. ಅಜ್ಜಿ ಮಾತ್ರ ಹಟ ಹಿಡಿದಿದ್ದಳು: "ಮೊದಲ ನನ್ನ ಮಗನ ಫೋಟೊ ಗ್ವಾಡಿ ಮ್ಯಾಲ ಬರ್ಲಿ. ಅವನ ಮುಂದ ಕೊಟ್ರ ತಗೋತೀನಿ, ಇಲ್ಲಂದ್ರ ಮುಟ್ಟಂಗಿಲ್ಲ."

ಯಜಮಾನರು ಫೋಟೊವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದರು. ಅಪ್ಪನ ಮುಖ ಚೌಕ ಚೌಕವಾಗಿ ಒಡೆಯಿತು.

"ಅಡ್ಡಕ್ಕೆ ನಾನೂರ ಎಂಬತ್ತು ಚುಕ್ಕಿ ಉಂಟು. ಹತ್ತಿರದಿಂದ ನೋಡುವ ಪ್ರಿಂಟಿಗೆ ಇಂಚಿಗೆ ಮುನ್ನೂರು ಬೇಕು. ಇದ್ರಲ್ಲಿ ಬರುದು ಒಂದೂವರೆ ಇಂಚು. ಪಾಸ್‌ಪೋರ್ಟ್ ಸೈಜು ಸಾಕಾ?"

ಪದವೀಧರನಲ್ಲವೇ ನಾನು? ಒಂದು ಆ್ಯಪ್ ಇಳಿಸಿಕೊಂಡು, ರೆಸಲ್ಯೂಷನ್ ಎಂದಿದ್ದ ಕಡೆ ಮುನ್ನೂರು ಎಂದು ತುಂಬಿ, ಮರುದಿನ ಗತ್ತಿನಿಂದ ತಂದುಕೊಟ್ಟೆ. ಅವರು ನಕ್ಕುಬಿಟ್ಟರು.

"ಚೀಲದ ಮೇಲೆ ಹತ್ತು ಕಿಲೋ ಅಂತ ಬರೆದ್ರೆ ಒಳಗೆ ಅಕ್ಕಿ ಜಾಸ್ತಿ ಆಗ್ತದಾ ಮಾರಾಯ? ಇದು ವಾಟ್ಸಾಪಲ್ಲಿ ಊರೆಲ್ಲ ತಿರುಗಿ ಸೊರಗಿದ ಫೋಟೊ. ತೆಗೆದವರ ಹತ್ರ ಅಸಲಿ ಉಂಟಾ ಕೇಳು."

ನಿಜವೇ. ನಮ್ಮ ಫೋನು ಕೆಟ್ಟಾಗ ಅದನ್ನು ಊರಿನ ನೆಂಟರಿಂದ ತರಿಸಿಕೊಂಡಿದ್ದೆವು. ಅವರಿಗೂ ಯಾರೋ ಕಳಿಸಿದ್ದು. ತೆಗೆದದ್ದು ಅಪ್ಪನ ಜೊತೆ ಗಾರೆ ಕಲಸುತ್ತಿದ್ದ ವಿಕ್ರೋಳಿಯ ಕಾಕಾ. ಭಾನುವಾರ ಚಾಳಿನಲ್ಲಿದ್ದ ಅವರ ಖೋಲಿಗೆ, ಆ ಒಂದೇ ಕೋಣೆಯ ಮನೆಗೆ ಹೋದೆ. ಫೋನಿನ ಗಾಜು ಒಡೆದಿತ್ತು, ಆದರೆ ಕಾಕಾ ಏನನ್ನೂ ಅಳಿಸುವವರಲ್ಲ. ಫೋಟೊ ಸಿಕ್ಕ ಕೂಡಲೇ ರೂಢಿಯಂತೆ ವಾಟ್ಸಾಪ್ ತೆರೆದರು.

"ಕಾಕಾ, ಹಂಗ ಬ್ಯಾಡ್ರಿ! ಡಾಕ್ಯುಮೆಂಟ್ ಅಂತ ಕಳಸ್ರಿ, ಸಣ್ಣದಾಗಂಗಿಲ್ಲ."

"ಫೋಟೊಕ್ಕ ಡಾಕ್ಯುಮೆಂಟ್ ಅಂತಾರೇನೋ? ಭಾರಿ ಸಾಲಿ ಕಲ್ತಿ ಬಿಡು!"

ಅಡ್ಡಕ್ಕೆ ಎರಡು ಸಾವಿರದ ನಾನೂರ ನಲವತ್ತೆಂಟು ಚುಕ್ಕಿ. ಅಲ್ಲೇ ಕೂತು ಮುನ್ನೂರರಿಂದ ಭಾಗಿಸಿದೆ. ಎಂಟು ಇಂಚು ಅಗಲ!

ಪ್ರಿಂಟು ಕೈಗೆ ಬಂದಾಗ ಅಂಗಡಿಯಲ್ಲೇ ನಿಂತುಬಿಟ್ಟೆ. ಮೀಸೆಯ ಮೇಲಿನ ಸಿಮೆಂಟಿನ ಪುಡಿ, ಎಡಗೈ ಹೆಬ್ಬೆರಳಿನ ಒಡೆದ ಉಗುರು. ಆ ಉಗುರನ್ನು ನಾನು ಮರೆತೇಬಿಟ್ಟಿದ್ದೆ.

ಫೋಟೊ ಗೋಡೆಗೇರಿತು, ಮಾಲೆಯೂ ಬಿತ್ತು. ಮರುದಿನ ಕಾಲೇಜಿನಿಂದ ಸರ್ಟಿಫಿಕೇಟ್ ತಂದು, ಅಪ್ಪನ ಎದುರಿಗೇ ಅಜ್ಜಿಯ ಕೈಗಿಟ್ಟೆ. ಅಕ್ಷರ ಬಾರದ ಅಜ್ಜಿ ಅದನ್ನು ಎರಡು ಸಲ ತಿರುಗಿಸಿ ನೋಡಿದಳು.

"ಇದರಾಗ ನಿಮ್ಮಪ್ಪನ ಹೆಸರು ಎಲ್ಲೈತಿ? ಬೆರಳಿಟ್ಟು ತೋರ್ಸು."